ವಸಂತದ ಪಕ್ಷಿಪ್ರವಾಸ: ಕ್ರೌಂಚಗಳ ನದಿಯೋ, ಕುಣಿತದ ಕಣವೋ, ಹುಲ್ಲುಗಾವಲಿನ ಹಾಡೋ?

ಉತ್ತರ ಅಮೆರಿಕದ ವಸಂತದಲ್ಲಿ ಮಾರ್ಗದರ್ಶಿಯ ಜೊತೆ ಹಕ್ಕಿ ನೋಡಲು ಹೊರಡುವವರು ಸಾಮಾನ್ಯವಾಗಿ ಯಾವ ಸಂಸ್ಥೆ ಒಳ್ಳೆಯದೆಂದು ಮೊದಲು ವಿಚಾರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ನಿಮಗೆ ರಜೆ ಸಿಗುವುದು ಯಾವ ವಾರದಲ್ಲಿ ಎಂಬುದೇ ಮೊದಲನೆಯದು. ಅಲ್ಲಿನ ಹಕ್ಕಿಗಳ ವಸಂತ ಫೆಬ್ರವರಿಯ ಮಧ್ಯಭಾಗದಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಪ್ಲಾಟ್ ನದಿಗೆ ಕ್ರೌಂಚಗಳು (ಇಂಗ್ಲಿಷಿನ ಕ್ರೇನ್) ಬಂದಿಳಿಯುವುದರಿಂದ ಶುರುವಾಗಿ, ಏಪ್ರಿಲಿನಲ್ಲಿ ಪ್ರೇರಿ ಎಂಬ ಹುಲ್ಲುಬಯಲಿನ ಕೋಳಿಗಳ ಕುಣಿತಕ್ಕೂ ಮೇ ತಿಂಗಳಲ್ಲಿ ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿಗಳ ವಲಸೆಗೂ ತಿರುಗಿ, ಜೂನಿನಲ್ಲಿ ಹುಲ್ಲುಗಾವಲಿನ ಗೂಡುಕಟ್ಟುವ ಕಾಲದವರೆಗೆ ಹರಿಯುತ್ತದೆ. ಇವುಗಳಲ್ಲಿ ಎರಡನ್ನು ಒಂದೇ ಪ್ರವಾಸದಲ್ಲಿ ನೋಡಬಹುದು, ಕಷ್ಟಪಟ್ಟರೆ ಮೂರನ್ನು ಮುಟ್ಟಿಬರಬಹುದು. ನಾಲ್ಕನ್ನೂ ಒಂದೇ ವಾರದಲ್ಲಿ ತೋರಿಸುತ್ತೇವೆ ಎನ್ನುವ ಕಾರ್ಯಕ್ರಮ ಪಟ್ಟಿ ಕಣ್ಣಿಗೆ ಬಿದ್ದರೆ ಅದನ್ನು ಬರೆದವರಿಗೆ ಹಕ್ಕಿಗಳ ಕಾಲಜ್ಞಾನ ಕಡಿಮೆ ಎಂದೇ ತಿಳಿಯಬೇಕು.

ಕ್ರೌಂಚಗಳ ನದಿ

ಮಾರ್ಚ್ ತಿಂಗಳಿನಲ್ಲಿ ಮಾತ್ರ ಬಿಡುವಿರುವವರು ಬೇರೆ ಯೋಚನೆಯನ್ನೇ ಮಾಡಬೇಕಾಗಿಲ್ಲ. ಮಧ್ಯ ನೆಬ್ರಾಸ್ಕದಲ್ಲಿ ಲೆಕ್ಸಿಂಗ್ಟನ್ ಮತ್ತು ಗ್ರ್ಯಾಂಡ್ ಐಲೆಂಡ್ ಊರುಗಳ ನಡುವೆ ಪ್ಲಾಟ್ ನದಿಯ ಸುಮಾರು 130 ಕಿಲೋಮೀಟರ್ ಉದ್ದದ ಹರಿವಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸ್ಯಾಂಡ್‌ಹಿಲ್ ಕ್ರೌಂಚಗಳು ಕೆಲವು ವಾರಗಳ ಮಟ್ಟಿಗೆ ತಂಗುತ್ತವೆ. ದಕ್ಷಿಣದ ಟೆಕ್ಸಸ್, ನ್ಯೂ ಮೆಕ್ಸಿಕೊ ರಾಜ್ಯಗಳು ಮತ್ತು ಮೆಕ್ಸಿಕೊ ದೇಶದ ಕಡೆಯಿಂದ ಬರುವ ಇವು ಕೆನಡ, ಅಲಾಸ್ಕ, ಕೆಲವಂತೂ ಸೈಬೀರಿಯದವರೆಗೆ ಹೋಗಬೇಕಾದವು. ಹಗಲಿನಲ್ಲಿ ಕೊಯ್ಲಾದ ಹೊಲಗಳಲ್ಲಿ ಉಳಿದ ಮೆಕ್ಕೆಜೋಳವನ್ನು ಹೆಕ್ಕಿ, ಪಕ್ಕದ ಹಸಿ ಹುಲ್ಲುಗಾವಲುಗಳಲ್ಲಿ ಹುಳುಹುಪ್ಪಟೆಗಳನ್ನು ತಿಂದು ಮೈಗೆ ಕೊಬ್ಬು ತುಂಬಿಕೊಳ್ಳುತ್ತವೆ. ರಾತ್ರಿ ನದಿಯ ನಡುವೆ ಗೇಣು ನೀರಿರುವ ಮರಳದಿಣ್ಣೆಗಳ ಬಳಿ ನಿಂತು ನಿದ್ರಿಸುತ್ತವೆ, ಏಕೆಂದರೆ ಅಲ್ಲಿಗೆ ನರಿ, ಕೊಯೋಟಿಗಳು ಸದ್ದಿಲ್ಲದೆ ಬರಲಾರವು. ಮಾರ್ಚಿನ ಎರಡನೆಯ ವಾರದಿಂದ ಕೊನೆಯವರೆಗೆ ಸಂಖ್ಯೆ ತುತ್ತತುದಿಯಲ್ಲಿರುತ್ತದೆ. ಏಪ್ರಿಲ್ ಮಧ್ಯದ ಹೊತ್ತಿಗೆ ನದಿ ಬಹುಮಟ್ಟಿಗೆ ಬರಿದಾಗುತ್ತದೆ.

ಇಲ್ಲಿ ಆಯ್ಕೆ ಮೂರು ಬಗೆಯದು. ಮೊದಲನೆಯದು, ಸಂರಕ್ಷಣಾ ಸಂಸ್ಥೆಗಳ ಮರೆಗುಡಿಸಲಿನಲ್ಲಿ ಕೂತು ನೋಡುವುದು. ಆಡುಬಾನ್ ಸಂಸ್ಥೆಯ ರೋ ಅಭಯಧಾಮ ಮತ್ತು ಕ್ರೇನ್ ಟ್ರಸ್ಟ್ ಈ ಏರ್ಪಾಟನ್ನು ಮಾಡುತ್ತವೆ. (ನದಿಯ ಮೇಲ್ದಿಕ್ಕಿನ ವ್ಯೋಮಿಂಗ್ ರಾಜ್ಯದಲ್ಲಿ ಕಟ್ಟಿದ ಗ್ರೇರಾಕ್ಸ್ ಅಣೆಕಟ್ಟಿನ ವ್ಯಾಜ್ಯ ರಾಜಿಯಲ್ಲಿ ಮುಗಿದಾಗ, ನದಿಯ ಹಕ್ಕಿಗಳಿಗಾಗಿ ಎತ್ತಿಟ್ಟ ಹಣದಿಂದ 1978ರಲ್ಲಿ ಕ್ರೇನ್ ಟ್ರಸ್ಟ್ ಹುಟ್ಟಿತೆಂಬುದು ನೆನೆಯಬೇಕಾದ ಸಂಗತಿ.) ಎರಡನೆಯದು, ಹಲವು ದಿನಗಳ ಪ್ಯಾಕೇಜ್ ಪ್ರವಾಸ. ಇದರಲ್ಲಿ ನದಿಯ ಜೊತೆಗೆ ಹತ್ತಿರದ ಜೌಗುಗಳ ಬಾತುಗಳು ಮತ್ತು ಹಿಮಹೆಬ್ಬಾತುಗಳೂ ಸೇರುತ್ತವೆ. ಮೂರನೆಯದು, ಯಾರ ನೆರವೂ ಇಲ್ಲದೆ ಸಾರ್ವಜನಿಕ ವೀಕ್ಷಣಾ ಕಟ್ಟೆಗಳಿಂದ, ಸೇತುವೆಗಳಿಂದ ನೋಡುವುದು. ಹಕ್ಕಿಗಳ ಮಹಾಪೂರವನ್ನು ಕಾಣುವುದಷ್ಟೇ ಉದ್ದೇಶವಾದರೆ ಮೂರನೆಯದೇ ಸಾಕು. ಆದರೆ ಕ್ರೌಂಚಗಳು ಏಳುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಮರೆಗುಡಿಸಲಿಗೆ ಸಮನಾದುದು ಇನ್ನೊಂದಿಲ್ಲ.

ಆ ಗುಡಿಸಲಿನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅನೇಕರು ಅದನ್ನು ತಪ್ಪಾಗಿ ಊಹಿಸಿಕೊಂಡು ಹೋಗಿ ಚಡಪಡಿಸುತ್ತಾರೆ. ಬೆಳಕು ಹರಿಯುವುದಕ್ಕೆ ಬಹಳ ಮುಂಚೆ ಮಾರ್ಗದರ್ಶಿ ನಿಮ್ಮನ್ನು ಸಾಲಾಗಿ, ಮಾತಿಲ್ಲದೆ, ಮಂಕಾದ ಕೆಂಪು ಬೆಳಕಿನಲ್ಲಿ ನಡೆಸಿಕೊಂಡು ಹೋಗುತ್ತಾರೆ. ಒಳಗೆ ಬಿಸಿಯ ವ್ಯವಸ್ಥೆ ಇರುವುದು ಅಪರೂಪ, ಮಾರ್ಚಿನ ಬೆಳಗು ಸೊನ್ನೆ ಡಿಗ್ರಿಗಿಂತ ಕೆಳಗಿರುವುದೂ ಸಾಮಾನ್ಯ. ಕಿಂಡಿಯಾಚೆ ಮೊದಲು ಕಾಣುವುದು ಕತ್ತಲು ಮಾತ್ರ. ಆ ಕತ್ತಲಿನೊಳಗಿಂದ ಗುಡುಗುಡು ಎಂಬ ಸಾವಿರಾರು ಕಂಠಗಳ ಗದ್ದಲ ಏಳುತ್ತಿರುತ್ತದೆ. ಬೆಳಕು ಬಲಿತಂತೆ, ಮರಳದಿಣ್ಣೆ ಎಂದುಕೊಂಡಿದ್ದ ಬೂದುಬಣ್ಣದ ರಾಶಿಗೆ ಕೊರಳು, ಕಾಲು, ಕೆಂಪು ನೆತ್ತಿ ಮೂಡುತ್ತವೆ. ಕೆಲವು ಜೋಡಿಗಳು ರೆಕ್ಕೆ ಬಿಚ್ಚಿ ನೆಗೆದು ಕುಣಿಯುತ್ತವೆ, ಒಂದು ಹಕ್ಕಿ ಕಡ್ಡಿಯನ್ನೆತ್ತಿ ಗಾಳಿಗೆ ತೂರುತ್ತದೆ. ಬಿಳಿತಲೆಯ ಹದ್ದೊಂದು ನದಿಯ ಮೇಲೆ ಹಾದುಹೋದರೆ ಇಡೀ ಹಿಂಡು ಒಂದೇ ಸಲಕ್ಕೆ ಎದ್ದುಬಿಡಬಹುದು. ಹದ್ದು ಬರದಿದ್ದರೆ ಐವತ್ತು, ನೂರರ ತಂಡಗಳಾಗಿ ಗಂಟೆಗಟ್ಟಲೆ ಏಳುತ್ತಿರುತ್ತವೆ. ಮಾರ್ಗದರ್ಶಿ ಹೇಳುವ ತನಕ ಯಾರೂ ಹೊರಗೆ ಕಾಲಿಡುವಂತಿಲ್ಲ, ಕ್ಯಾಮೆರಾದ ಫ್ಲ್ಯಾಶ್ ಬಳಸುವಂತಿಲ್ಲ, ಫೋನಿನ ಪರದೆ ಬೆಳಗುವಂತಿಲ್ಲ.

ಬೆಳಗಿನ ಸರದಿಯೋ, ಸಂಜೆಯದೋ ಎಂದು ಕೇಳಿದರೆ ನಾನು ಬೆಳಗನ್ನೇ ಸೂಚಿಸುತ್ತೇನೆ. ಸಂಜೆ ಹಿಂಡುಗಳು ಕೆಂಪು ಆಕಾಶದಲ್ಲಿ ಸಾಲುಸಾಲಾಗಿ ಬಂದಿಳಿಯುವುದು ಸುಂದರವಾದರೂ, ಹೆಚ್ಚಿನವು ಸೂರ್ಯ ಮುಳುಗಿದ ಮೇಲೆಯೇ ನದಿಗೆ ಬರುವುದರಿಂದ, ಹಕ್ಕಿ ಹೆಚ್ಚಾದಂತೆಲ್ಲ ಬೆಳಕು ಕಡಿಮೆಯಾಗುತ್ತದೆ. ಬೆಳಗಿನಲ್ಲಿ ಹಾಗಲ್ಲ, ಕಾಣುವುದು ನಿಮಿಷನಿಮಿಷಕ್ಕೂ ಹೆಚ್ಚುತ್ತಲೇ ಹೋಗುತ್ತದೆ.

ಅತಿ ಅಪರೂಪದ ವೂಪಿಂಗ್ ಕ್ರೌಂಚ ಕಾಣಸಿಗುತ್ತದೆಯೆ ಎಂದು ಹಲವರು ಕೇಳುತ್ತಾರೆ. 1941ರ ಸುಮಾರಿಗೆ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದ ಈ ಬಿಳಿಯ ಕ್ರೌಂಚಗಳು, ಟೆಕ್ಸಸ್ಸಿನ ಅರಾನ್ಸಸ್‌ಗೂ ಕೆನಡದ ವುಡ್ ಬಫಲೋಗೂ ನಡುವೆ ಓಡಾಡುವ ಕಾಡುಹಿಂಡಿನಲ್ಲಿ ಇಂದು ಐನೂರನ್ನು ದಾಟಿವೆ. ಅವು ನೆಬ್ರಾಸ್ಕವನ್ನು ಹಾಯುವುದು ಮುಖ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದೊಳಗೆ. ಸ್ಯಾಂಡ್‌ಹಿಲ್ ಹಿಂಡಿನ ತುತ್ತತುದಿಯನ್ನು ಕೊಂಚ ಬಿಟ್ಟುಕೊಡಲು ಸಿದ್ಧರಿರುವವರು ಏಪ್ರಿಲ್ ಮೊದಲ ವಾರವನ್ನು ಆರಿಸಿಕೊಳ್ಳಬಹುದು. ಆದರೆ ಯಾವ ಪ್ರಾಮಾಣಿಕ ಮಾರ್ಗದರ್ಶಿಯೂ ಈ ಹಕ್ಕಿಯ ಬಗ್ಗೆ ಭರವಸೆ ಕೊಡುವುದಿಲ್ಲ.

ಕುಣಿತದ ಕಣ

ಗ್ರೇಟರ್ ಪ್ರೇರಿ ಕೋಳಿಯ ಗಂಡುಗಳು ವರ್ಷವರ್ಷವೂ ಅದೇ ಬೋಳುದಿಣ್ಣೆಗೆ ಬಂದು, ಹೆಣ್ಣುಗಳ ಎದುರು ಕುಣಿದು, ಪರಸ್ಪರ ಕಾದಾಡುತ್ತವೆ. ಲೆಕ್ ಎಂದು ಕರೆಯುವ ಈ ಕುಣಿತದ ಕಣವನ್ನು ನೋಡಿಸುವ ಪ್ರವಾಸಗಳು ನೆಬ್ರಾಸ್ಕದ ಮರಳುಗುಡ್ಡಗಳ ಸೀಮೆಯಲ್ಲಿ, ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ, ಕೊಲರಾಡೊದ ಪೂರ್ವಭಾಗದಲ್ಲಿ ನಡೆಯುತ್ತವೆ. ಗಂಡುಗಳು ಮಾರ್ಚಿನಿಂದ ಮೇ ತಿಂಗಳವರೆಗೂ ಕಣಕ್ಕೆ ಬರುತ್ತವೆ. ಹೆಣ್ಣುಗಳು ಹೆಚ್ಚಾಗಿ ಬರುವುದು ಏಪ್ರಿಲಿನಲ್ಲಿ, ಕುಣಿತಕ್ಕೆ ಕಾವೇರುವುದೂ ಆಗಲೇ. ಕೊರಳಿನ ಎರಡು ಬದಿಯ ಕಿತ್ತಳೆಬಣ್ಣದ ಗಾಳಿಚೀಲಗಳನ್ನು ಉಬ್ಬಿಸಿ, ಕತ್ತಿನ ಗರಿಗಳನ್ನು ಕೊಂಬಿನಂತೆ ನಿಮಿರಿಸಿ, ಕಾಲುಗಳನ್ನು ನೆಲಕ್ಕೆ ಪಟಪಟ ಬಡಿಯುತ್ತ ಗಂಡು ಹೊರಡಿಸುವ ದನಿ ಖಾಲಿ ಶೀಶೆಯ ಬಾಯಿಗೆ ಊದಿದಂತಿರುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಆಚೆ ಕೇಳಿಸುತ್ತದೆ.

ಇಲ್ಲಿ ಮಾರ್ಗದರ್ಶಿಯ ಶಿಸ್ತು ಮಿಕ್ಕೆಲ್ಲಕ್ಕಿಂತ ಮುಖ್ಯ. ಹಕ್ಕಿಗಳು ಬರುವ ಮೊದಲೇ ಗುಡಿಸಲನ್ನೋ ನಿಲ್ಲಿಸಿದ ಬಸ್ಸನ್ನೋ ಸೇರಿಕೊಂಡು, ಅವೆಲ್ಲ ತಾವಾಗಿ ಹೊರಟುಹೋಗುವವರೆಗೂ ಅಲ್ಲಿಯೇ ಇರಬೇಕು. ಮಧ್ಯದಲ್ಲಿ ಒಬ್ಬರು ಬಾಗಿಲು ತೆರೆದರೂ ಹಕ್ಕಿಗಳು ಹಾರಿಹೋಗುತ್ತವೆ. ಆ ಬೆಳಗಿನಲ್ಲಿ ಗಂಡನ್ನು ಆರಿಸಿಕೊಳ್ಳಲು ಬಂದಿದ್ದ ಹೆಣ್ಣಿನ ಕೆಲಸ ಕೆಟ್ಟಂತಾಗುತ್ತದೆ. ಬುಕ್ ಮಾಡುವ ಮೊದಲು ‘ನಾವು ಎಷ್ಟು ಹೊತ್ತಿಗೆ ಹೊರಡಬಹುದು?’ ಎಂದು ಕೇಳಿನೋಡಿ. ‘ನಿಮಗೆ ಸಾಕೆನಿಸಿದಾಗ’ ಎಂಬ ಉತ್ತರ ಬಂದರೆ ಆ ಪ್ರವಾಸವನ್ನು ಬಿಟ್ಟುಬಿಡಿ. ‘ಹಕ್ಕಿಗಳು ಹೋದ ಮೇಲೆ’ ಎಂದರೆ ಮುಂದಿನ ಮಾತು ಆಡಬಹುದು. ಈ ಜಾತಿಯ ಹಕ್ಕಿಗಳಿಗೆ ಅಷ್ಟು ಎಚ್ಚರ ಸಲ್ಲಬೇಕಾದುದೇ. ಇದರದೇ ಪೂರ್ವತೀರದ ಉಪಜಾತಿಯಾದ ಹೀತ್ ಕೋಳಿ 1932ರ ಹೊತ್ತಿಗೆ ಸಂಪೂರ್ಣ ಅಳಿದುಹೋಯಿತು. ಟೆಕ್ಸಸ್ಸಿನ ಕರಾವಳಿಯ ಇನ್ನೊಂದು ಉಪಜಾತಿ ಇಂದು ಸಾಕಿ ಬಿಟ್ಟ ಹಕ್ಕಿಗಳ ಬಲದ ಮೇಲೆ ಉಸಿರು ಹಿಡಿದಿದೆ.

ಒಂದು ಬೆಳಗಿನ ಪ್ರವಾಸಕ್ಕೂ, ಕೊಲರಾಡೊದಲ್ಲಿ ಏಪ್ರಿಲಿನಲ್ಲಿ ನಡೆಯುವ ಹತ್ತು ದಿನಗಳ ಸುಮಾರಿನ ದೀರ್ಘ ಪ್ರವಾಸಕ್ಕೂ ಬಹಳ ಅಂತರವಿದೆ. ಎರಡನೆಯದರಲ್ಲಿ ಎರಡು ಬಗೆಯ ಪ್ರೇರಿ ಕೋಳಿಗಳು, ಕೋಳಿಯಂಥದೇ ಹಕ್ಕಿಯಾದ ಚೂಪುಬಾಲದ ಗ್ರೌಸ್, ಎರಡು ಬಗೆಯ ಸೇಜ್ ಗ್ರೌಸ್ ಮೊದಲಾದವನ್ನು ಒಂದೊಂದಾಗಿ ಹುಡುಕುತ್ತ ಹೋಗುತ್ತಾರೆ. ಅದರಲ್ಲಿ ಗನ್ನಿಸನ್ ಸೇಜ್ ಗ್ರೌಸ್ ಬೇರೆಯೇ ಪ್ರಭೇದವೆಂದು ವಿಜ್ಞಾನ ಗುರುತಿಸಿದ್ದು 2000ದಲ್ಲಷ್ಟೆ. ತಾವು ಕಂಡ ಹಕ್ಕಿಗಳ ಪಟ್ಟಿ ತುಂಬಿಸುವ ಆಸೆಯಿದ್ದವರಿಗೆ ಇದು ಸರಿಯಾದ ಆಯ್ಕೆ. ಆದರೆ ದಿನವೂ ನಸುಕಿನ ನಾಲ್ಕಕ್ಕೆ ಏಳುವುದು, ಮಧ್ಯಾಹ್ನವೆಲ್ಲ ನೂರಾರು ಕಿಲೋಮೀಟರ್ ವ್ಯಾನಿನಲ್ಲಿ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಮೊದಲ ಸಲ ಹೋಗುವವರು ಒಂದೇ ಕಣದ ಬಳಿ ಎರಡು ಬೆಳಗು ಕೂರುವುದು ಮೇಲು. ಎರಡನೆಯ ಬೆಳಗಿಗೆ ಯಾವ ಗಂಡು ನಡುಜಾಗದ ಒಡೆಯ, ಯಾವುದು ಅಂಚಿನ ಹುಡುಗ ಎಂಬುದು ನಿಮಗೇ ತಿಳಿಯತೊಡಗುತ್ತದೆ. ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ದಿನಗಳಲ್ಲಿ ನೆಬ್ರಾಸ್ಕಕ್ಕೆ ಹೋದರೆ ಕ್ರೌಂಚಗಳನ್ನೂ ಈ ಕುಣಿತವನ್ನೂ ಒಂದೇ ಪಯಣದಲ್ಲಿ ನೋಡಬಹುದು. ಇಡೀ ವಸಂತದಲ್ಲಿ ಇಷ್ಟು ಸಲೀಸಾಗಿ ಕೂಡಿಬರುವ ಜೋಡಿ ಇನ್ನೊಂದಿಲ್ಲ.

ದಣಿದು ಇಳಿಯುವ ವಾರ್ಬ್ಲರುಗಳು

ಸಣ್ಣ ಹಾಡುಹಕ್ಕಿಗಳ ವಲಸೆ ನೋಡುವವರ ಮುಂದೆ ಎರಡು ದೊಡ್ಡ ಆಯ್ಕೆಗಳಿವೆ. ಏಪ್ರಿಲಿನಲ್ಲಿ ಟೆಕ್ಸಸ್ಸಿನ ಹೈ ಐಲೆಂಡ್ ಒಂದು. ಮೇ ಮೊದಲ ಎರಡು ಮೂರು ವಾರಗಳಲ್ಲಿ ಅಮೆರಿಕ ಮತ್ತು ಕೆನಡಗಳ ಗಡಿಯಲ್ಲಿರುವ ಈರಿ ಸರೋವರದ ದಂಡೆಯ, ಒಹಾಯೋ ರಾಜ್ಯದ ಮ್ಯಾಗೀ ಮಾರ್ಷ್ ಅಥವಾ ಅದರಾಚೆಯ ಕೆನಡದ ಪಾಯಿಂಟ್ ಪೀಲೀ ಇನ್ನೊಂದು. ಎರಡೂ ಕಡೆ ಹಕ್ಕಿ ನೆರೆಯಲು ಕಾರಣ ನೀರೇ. ಮೆಕ್ಸಿಕೊದ ಯುಕಟಾನ್ ಪರ್ಯಾಯದ್ವೀಪದಿಂದ ಸಂಜೆ ಹೊರಟ ಹಕ್ಕಿಗಳು ಸಾವಿರ ಕಿಲೋಮೀಟರಿನಷ್ಟು ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಟೆಕ್ಸಸ್ ತೀರವನ್ನು ತಲಪುತ್ತವೆ. ಸುತ್ತಲಿನ ಜೌಗಿನ ನಡುವೆ ಎತ್ತರದಲ್ಲಿರುವ ಹೈ ಐಲೆಂಡಿನ ಓಕ್ ತೋಪುಗಳು ಅವುಗಳಿಗೆ ಮೊದಲ ಆಸರೆ. ಈರಿ ಸರೋವರದಲ್ಲಿ ಇದು ತಿರುವುಮುರುವು, ನೀರನ್ನು ದಾಟುವುದಕ್ಕೆ ಮೊದಲು ಹಕ್ಕಿಗಳು ದಕ್ಷಿಣದ ದಂಡೆಯಲ್ಲಿ ತಂಗಿ ಮೇಯುತ್ತವೆ.

ಹೈ ಐಲೆಂಡಿನ ಅದೃಷ್ಟ ಪೂರಾ ಗಾಳಿಯ ಕೈಯಲ್ಲಿದೆ. ಉತ್ತರದ ಗಾಳಿಯೂ ಮಳೆಯೂ ಎದುರಾದ ದಿನ ಬಳಲಿದ ಹಕ್ಕಿಗಳು ಮರಮರಕ್ಕೂ ಸುರಿಯುತ್ತವೆ. ದಕ್ಷಿಣದ ಗಾಳಿ ಹಿತವಾಗಿ ಬೀಸಿದ ದಿನ ಅವು ತೀರವನ್ನು ಲೆಕ್ಕಿಸದೆ ಒಳನಾಡಿನವರೆಗೆ ಹಾರಿಹೋಗಿ ತೋಪು ಬಿಕೋ ಎನ್ನುತ್ತದೆ. ಆದ್ದರಿಂದ ಅಲ್ಲಿಗೆ ಎರಡೇ ದಿನದ ಪ್ರವಾಸವನ್ನು ನಾನು ಯಾರಿಗೂ ಸೂಚಿಸಲಾರೆ. ಐದಾರು ದಿನ ಆ ಕರಾವಳಿಯಲ್ಲೇ ಇದ್ದು, ಹವಾಮಾನ ನೋಡಿ ದಿನದ ಯೋಜನೆಯನ್ನು ಬದಲಿಸುವ ಮಾರ್ಗದರ್ಶಿಯ ಜೊತೆಗಿನ ಪ್ರವಾಸ ಮಾತ್ರ ಲಾಭದಾಯಕ. ಮ್ಯಾಗೀ ಮಾರ್ಷ್ ಇದಕ್ಕಿಂತ ನಂಬಿಕಸ್ಥ. ಮರದ ಹಲಗೆಯ ಸಮತಟ್ಟಾದ ಕಾಲುಹಾದಿಯಲ್ಲಿ ನಡೆಯುವಾಗ ಕಣ್ಣಿನ ಮಟ್ಟದಲ್ಲೇ, ಕೆಲವೊಮ್ಮೆ ಕೈಯಳತೆಯಲ್ಲೇ ವಾರ್ಬ್ಲರುಗಳು ಹುಳು ಹೆಕ್ಕುತ್ತಿರುತ್ತವೆ. ಬೆಂಕಿಯ ಬಣ್ಣದ ಕೊರಳಿನ ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರನ್ನು ಬೈನಾಕ್ಯುಲರ್ ಇಲ್ಲದೆಯೇ ನೋಡಬಹುದಾದ ಜಾಗ ಅದು. ಮಂಡಿನೋವಿನವರಿಗೆ, ಗಾಲಿಕುರ್ಚಿ ಬಳಸುವವರಿಗೆ, ಮಕ್ಕಳೊಂದಿಗೆ ಬರುವವರಿಗೆ ಇದಕ್ಕಿಂತ ಅನುಕೂಲವಾದ ತಾಣ ಇಡೀ ಪಟ್ಟಿಯಲ್ಲಿಲ್ಲ. ಒಂದೇ ಕೊರತೆಯೆಂದರೆ ಜನಸಂದಣಿ. ಬ್ಲ್ಯಾಕ್ ಸ್ವಾಂಪ್ ಪಕ್ಷಿವೀಕ್ಷಣಾಲಯ ಪ್ರತಿ ಮೇ ತಿಂಗಳಲ್ಲಿ ನಡೆಸುವ ಹಬ್ಬದ ದಿನಗಳಲ್ಲಿ ಕಾಲುಹಾದಿ ಭುಜಕ್ಕೆ ಭುಜ ತಾಗುವಷ್ಟು ತುಂಬಿರುತ್ತದೆ. ಅಲ್ಲಿ ಅನುಭವಿಗಳು ಎಲ್ಲೆಡೆ ನಿಂತು ಬೆರಳು ತೋರಿಸುತ್ತಿರುವುದರಿಂದ ಖಾಸಗಿ ಮಾರ್ಗದರ್ಶಿಯ ಅಗತ್ಯವೂ ಕಡಿಮೆ. ಏಕಾಂತ ಬಯಸುವವರು ಪಾಯಿಂಟ್ ಪೀಲೀಯನ್ನು ವಾರದ ನಡುವಿನ ದಿನಗಳಲ್ಲಿ ನೋಡುವುದು ಒಳ್ಳೆಯದು.

ಹವಾಮಾನದ ರೇಡಾರ್ ಬಳಸಿ ರಾತ್ರಿಯ ವಲಸೆಯನ್ನು ಮುಂಗಾಣಿಸುವ ಬರ್ಡ್‌ಕ್ಯಾಸ್ಟ್ ಎಂಬ ಸೇವೆಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ಪಾಲಿದೆ. ಅದನ್ನು ಹಿಂದಿನ ರಾತ್ರಿ ನೋಡಿಕೊಂಡು ಬೆಳಗಿನ ಜಾಗವನ್ನು ತೀರ್ಮಾನಿಸುವ ಅಭ್ಯಾಸ ನಿಮ್ಮ ಮಾರ್ಗದರ್ಶಿಗಿದೆಯೆ ಎಂದು ವಿಚಾರಿಸಬಹುದು.

ನಡುನಾಡಿನಲ್ಲಿ ಕ್ಯಾನ್ಸಸ್‌ನ ಶೈಯೆನ್ ಬಾಟಮ್ಸ್ ಎಂಬ ವಿಶಾಲ ಜೌಗುಪ್ರದೇಶ ಏಪ್ರಿಲ್ ಕೊನೆ ಮತ್ತು ಮೇ ಆರಂಭದಲ್ಲಿ ಸ್ಯಾಂಡ್‌ಪೈಪರ್ ಜಾತಿಯ ಗದ್ದೆಗೊರವಗಳಿಂದ ತುಂಬುತ್ತದೆ. 1988ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಈ ತಾಣವನ್ನು ಕಾರಿನಲ್ಲಿ ಕೂತೇ ಸುತ್ತಬಹುದು. ಬರಗಾಲದ ವರ್ಷದಲ್ಲಿ ಅದು ಒಣಗಿಯೂ ಹೋಗುತ್ತದಾದ್ದರಿಂದ ಹೊರಡುವ ವಾರದಲ್ಲಿ ನೀರಿದೆಯೆ ಎಂದು ತಿಳಿದುಕೊಳ್ಳುವುದು ಅಗತ್ಯ.

ಹುಲ್ಲುಗಾವಲಿನ ಹಾಡು

ಈ ನಾಲ್ಕರಲ್ಲಿ ಅತ್ಯಂತ ಕಡಿಮೆ ಜನ ಆರಿಸಿಕೊಳ್ಳುವುದು ಮೇ ಕೊನೆಯಿಂದ ಜೂನ್ ಮಧ್ಯದವರೆಗಿನ ಹುಲ್ಲುಗಾವಲಿನ ಪ್ರವಾಸವನ್ನು. ನನ್ನ ಮನಸ್ಸು ಒಲಿದಿರುವುದು ಇದರ ಕಡೆಗೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಇಲ್ಲಿ ಲಕ್ಷಗಟ್ಟಲೆ ಹಕ್ಕಿ ಒಮ್ಮೆಗೇ ಏಳುವ ದೃಶ್ಯವಿಲ್ಲ, ಹಕ್ಕಿಗಳ ಬಣ್ಣವೂ ಹೆಚ್ಚಾಗಿ ಹುಲ್ಲಿನ ಬಣ್ಣವೇ. ಆದರೆ ಉತ್ತರ ಅಮೆರಿಕದ ಹಕ್ಕಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗಿರುವುದು ಇವೇ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1970ರಿಂದೀಚೆಗೆ ಆ ಖಂಡದಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿದ್ದು, ಹುಲ್ಲುಗಾವಲಿನ ಹಕ್ಕಿಗಳು ಶೇಕಡ 53ರಷ್ಟು, ಅಂದರೆ 70 ಕೋಟಿಗೂ ಹೆಚ್ಚು, ಇಳಿದಿವೆ. ಉಳುಮೆ, ಕೀಟನಾಶಕ, ಗೂಡಿನಲ್ಲಿ ಮರಿಯಿರುವಾಗಲೇ ನಡೆಯುವ ಹುಲ್ಲುಕೊಯ್ಲು ಇವೆಲ್ಲ ಸೇರಿದ ಪರಿಣಾಮ ಅದು. ಈ ಹಕ್ಕಿಗಳನ್ನು ನೋಡಲೆಂದು ಜನ ಬರುತ್ತಾರೆ, ಹಣ ತರುತ್ತಾರೆ ಎಂಬುದು ಹುಲ್ಲುಗಾವಲನ್ನು ಉಳದೆ ಉಳಿಸಿಕೊಂಡಿರುವ ದನಗಾವಲುಗಾರ ಕುಟುಂಬಗಳಿಗೆ ದೊಡ್ಡ ಆಸರೆ.

ಎಲ್ಲಿಗೆ ಹೋಗಬೇಕೆಂಬುದು ಹುಲ್ಲಿನ ಎತ್ತರದ ಮೇಲೆ ನಿಂತಿದೆ. ಫ್ಲಿಂಟ್ ಹಿಲ್ಸ್‌ನಲ್ಲಿ ನೆಲದ ಮೇಲ್ಪದರದಲ್ಲೇ ಸುಣ್ಣಕಲ್ಲು, ಚಕಮಕಿಕಲ್ಲು ಇದ್ದುದರಿಂದ ನೇಗಿಲು ಸೋತಿತು, ಎತ್ತರದ ಹುಲ್ಲಿನ ಪ್ರೇರಿ ಉಳಿಯಿತು. 1996ರಲ್ಲಿ ಅಲ್ಲಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶವೂ ಸ್ಥಾಪನೆಯಾಯಿತು. ಎದೆಗೆ ಹಳದಿ ಬಳಿದುಕೊಂಡ ಡಿಕ್ಸಿಸೆಲ್, ಮೆಡೋಲಾರ್ಕ್, ಮಿಡತೆಯಂತೆ ಕಿರಗುಟ್ಟುವ ಗ್ರಾಸ್‌ಹಾಪರ್ ಸ್ಪ್ಯಾರೋ ಇಲ್ಲಿನ ನಿತ್ಯದ ಗಾಯಕರು. ಬೇಲಿಯ ಕಂಬದ ಮೇಲೆ ಇಳಿದೊಡನೆ ಎರಡೂ ರೆಕ್ಕೆಗಳನ್ನು ಕ್ಷಣಕಾಲ ಮೇಲೆತ್ತಿ ಹಿಡಿದು, ಆಮೇಲೆ ನಿಧಾನವಾಗಿ ಮಡಿಸಿಕೊಳ್ಳುವ ಅಪ್‌ಲ್ಯಾಂಡ್ ಸ್ಯಾಂಡ್‌ಪೈಪರ್ ದಕ್ಷಿಣ ಅಮೆರಿಕದ ಪಂಪಾಸ್ ಬಯಲಿನಲ್ಲಿ ಚಳಿಗಾಲ ಕಳೆದು ಬಂದದ್ದು. ಉತ್ತರದ ಡಕೋಟ ಮತ್ತು ಮೊಂಟಾನದ ಮಿಶ್ರ ಹುಲ್ಲಿನಲ್ಲಿ ಬೇರ್ಡ್ಸ್ ಸ್ಪ್ಯಾರೋ, ಚೆಸ್ಟ್‌ನಟ್-ಕಾಲರ್ಡ್ ಲಾಂಗ್‌ಸ್ಪರ್ ಸಿಗುತ್ತವೆ. ಬರಿಗಣ್ಣಿಗೆ ಚುಕ್ಕೆಯಾಗುವಷ್ಟು ಎತ್ತರದಲ್ಲಿ ಸುತ್ತುತ್ತ ಬಹಳ ಹೊತ್ತು ಹಾಡುವ ಸ್ಪ್ರೇಗ್ಸ್ ಪಿಪಿಟ್ ಕೂಡ ಅಲ್ಲಿಯದೇ. ಕೊಲರಾಡೊದ ಪಾನೀ ರಾಷ್ಟ್ರೀಯ ಹುಲ್ಲುಗಾವಲಿನ ಗಿಡ್ಡ ಹುಲ್ಲು ಮೌಂಟನ್ ಪ್ಲೋವರ್‌ಗೂ, ಕಪ್ಪು ಮೈಗೆ ಬಿಳಿ ರೆಕ್ಕೆಪಟ್ಟಿ ಹೊತ್ತ ಲಾರ್ಕ್ ಬಂಟಿಂಗ್‌ಗೂ ನೆಲೆ.

ಈ ಪ್ರವಾಸದಲ್ಲಿ ಒಳ್ಳೆಯ ಮಾರ್ಗದರ್ಶಿಯಿಂದ ಸಿಗುವ ಲಾಭ ಬೇರೆ ಎಲ್ಲಕ್ಕಿಂತ ಹೆಚ್ಚು. ಕ್ರೌಂಚವನ್ನು ಗುರುತಿಸಲು ಯಾರ ಸಹಾಯವೂ ಬೇಡ. ಆದರೆ ಕಂದು ಗೆರೆಗಳ ಆರು ಬಗೆಯ ಸ್ಪ್ಯಾರೋಗಳನ್ನು ದನಿಯಿಂದ ಬೇರ್ಪಡಿಸಿ ತೋರಿಸಲು ಕಿವಿ ಪಳಗಿದವರೇ ಬೇಕು. ಯಾವ ಹುಲ್ಲುಗಾವಲಿಗೆ ಈ ವರ್ಷ ಬೆಂಕಿ ಹಾಕಿದ್ದಾರೆ, ಯಾವುದನ್ನು ಹಾಗೆಯೇ ಬಿಟ್ಟಿದ್ದಾರೆ ಎಂಬುದನ್ನು ತಿಳಿದಿರುವವರು ಹಕ್ಕಿಯನ್ನು ಹುಡುಕುತ್ತ ಕಾಲ ಕಳೆಯುವುದಿಲ್ಲ. ಉದಾಹರಣೆಗೆ, ಹೆನ್ಸ್ಲೋಸ್ ಸ್ಪ್ಯಾರೋ ಒಣಹುಲ್ಲಿನ ದಪ್ಪ ಹಾಸಿರುವ, ಇತ್ತೀಚೆಗೆ ಸುಡದ ಜಾಗದಲ್ಲಿ ಮಾತ್ರ ಗೂಡು ಕಟ್ಟುತ್ತದೆ. ಬಯಲಿನ ಗಾಳಿ ಸಾಮಾನ್ಯವಾಗಿ ಹೊತ್ತೇರಿದಂತೆ ಬಲವಾಗಿ, ಹಾಡು ಅದರಲ್ಲಿ ಮುಳುಗಿಹೋಗುವುದರಿಂದ, ಬೆಳಗಿನ ಉಪಾಹಾರ ಮುಗಿಸಿ ಎಂಟು ಗಂಟೆಗೆ ಹೊರಡುವ ಹುಲ್ಲುಗಾವಲಿನ ಪ್ರವಾಸಕ್ಕೆ ಅರ್ಥವಿಲ್ಲ. ರಕ್ತ ಹೀರುವ ಉಣ್ಣಿಯ ಕಾಟವೂ ಈ ದಿನಗಳಲ್ಲಿ ಇರುತ್ತದಾದ್ದರಿಂದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಬೇಕು.

ಯಾರ ಜೊತೆ ಹೋಗುವುದು

ಜಾಗವೂ ವಾರವೂ ನಿಶ್ಚಯವಾದ ಮೇಲೆ ಸಂಸ್ಥೆಯ ಮಾತು ಬರುತ್ತದೆ. ದೊಡ್ಡ ಪ್ರವಾಸ ಕಂಪನಿಗಳು ವಸತಿ, ವಾಹನ, ಊಟ ಎಲ್ಲವನ್ನೂ ನೋಡಿಕೊಳ್ಳುತ್ತವೆ, ಅದಕ್ಕೆ ತಕ್ಕಂತೆ ಹಣವನ್ನೂ ಪಡೆಯುತ್ತವೆ. ಹೊಸ ದೇಶದಲ್ಲಿ ವಾಹನ ಓಡಿಸಲು ಹಿಂಜರಿಯುವವರಿಗೆ ಇದು ಸರಿ. ಸಂರಕ್ಷಣಾ ಸಂಸ್ಥೆಗಳ ಎರಡು ಮೂರು ಗಂಟೆಗಳ ಪ್ರವಾಸ ಅಗ್ಗವಾಗಿದ್ದು, ನೀವು ಕೊಟ್ಟ ಹಣ ಅದೇ ನದಿಗೆ, ಅದೇ ಹುಲ್ಲಿಗೆ ಮರಳುತ್ತದೆ. ದನಗಾವಲು ಜಮೀನಿನ ಒಡೆಯರೇ ನಡೆಸುವ ಕುಣಿತದ ಕಣದ ಪ್ರವಾಸಗಳಲ್ಲಿ ಪಕ್ಷಿಶಾಸ್ತ್ರದ ಪರಿಭಾಷೆ ಕಡಿಮೆ ಇರಬಹುದು, ಆದರೆ ಆ ಒಂದು ದಿಣ್ಣೆಯ ಮೇಲಿನ ಹಕ್ಕಿಗಳನ್ನು ತಲೆಮಾರುಗಳಿಂದ ಬಲ್ಲವರ ಮಾತು ಕೇಳುವ ಭಾಗ್ಯವಿರುತ್ತದೆ.

ಬುಕ್ ಮಾಡುವ ಮೊದಲು ತಂಡದಲ್ಲಿ ಎಷ್ಟು ಜನ ಎಂದು ಕೇಳಿ. ಹುಲ್ಲುಗಾವಲಿನಲ್ಲಿ ಒಬ್ಬ ಮಾರ್ಗದರ್ಶಿಗೆ ಎಂಟು ಜನ ಮೀರಿದರೆ ಹಿಂದಿದ್ದವರಿಗೆ ಹಕ್ಕಿಯ ಬದಲು ಮುಂದಿದ್ದವರ ಬೆನ್ನು ಕಾಣುತ್ತದೆ. ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ದುರ್ಬೀನು) ಎಷ್ಟಿವೆ, ವ್ಯಾನಿನಲ್ಲಿ ಕಿಟಕಿಯ ಸೀಟು ಸರದಿಯಂತೆ ಸಿಗುತ್ತದೆಯೆ, ಛಾಯಾಗ್ರಾಹಕರಿಗೆ ಬೇರೆ ಗುಡಿಸಲಿದೆಯೆ, ಬಿರುಗಾಳಿಯಿಂದ ರದ್ದಾದರೆ ಹಣ ಮರಳುತ್ತದೆಯೆ ಎಂಬುದೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಯುತ್ತೀರಾ ಎಂಬುದನ್ನೂ ಕೇಳಿ. ಅಮೆರಿಕನ್ ಬರ್ಡಿಂಗ್ ಅಸೋಸಿಯೇಷನ್ನಿನ ನೀತಿಸಂಹಿತೆ ಇಂಥ ಬಳಕೆಗೆ ಮಿತಿ ಹೇಳುತ್ತದೆ. ಗೂಡು ಕಟ್ಟುತ್ತಿರುವ ಅಪರೂಪದ ಹಕ್ಕಿಯ ಮುಂದೆ ಅದನ್ನು ನುಡಿಸುವವರ ಜೊತೆ ಹೋಗದಿರುವುದೇ ಲೇಸು.

ಕ್ರೌಂಚಗಳ ಗುಡಿಸಲುಗಳೂ ಕುಣಿತದ ಕಣದ ಆಸನಗಳೂ ಮಾರ್ಚ್ ಬರುವ ಬಹಳ ಮೊದಲೇ ಭರ್ತಿಯಾಗುವುದರಿಂದ ಜನವರಿಯಲ್ಲೇ ವಿಚಾರಿಸಬೇಕು. ವಾರ್ಬ್ಲರುಗಳ ಕಾಲದಲ್ಲಿ ಪ್ರವಾಸಕ್ಕಿಂತ ಮೊದಲು ಕೊಠಡಿಗಳು ಮುಗಿಯುತ್ತವೆ. ಜೂನಿನ ಹುಲ್ಲುಗಾವಲಿಗೆ ಹೆಚ್ಚಾಗಿ ಏಪ್ರಿಲಿನಲ್ಲಿ ಕೇಳಿದರೂ ಜಾಗ ಸಿಗುತ್ತದೆ. ಆದ್ದರಿಂದ ಈ ವರ್ಷದ ಯೋಜನೆಗೆ ತಡವಾಯಿತು ಎನ್ನುವವರು ಅದನ್ನೇ ಮೊದಲು ನೋಡಬಹುದು.